ಒಳಗೆ ಜನ ಇದ್ದಾರೆ

ಜೂನ್ 3, ಸೋಮವಾರ. ಬೆಳಿಗ್ಗೆ.

ಮತ್ತೊಮ್ಮೆ ಬರೆದಿಡುತ್ತಿದ್ದೇನೆ. ಮರೆತೆ ಅಂತ ನಾಳೆ ನನಗೆ ನಾನೇ ಸುಳ್ಳು ಹೇಳಿಕೊಳ್ಳಬಾರದು.

ನಮ್ಮ ಸೂಪರ್ ಕಂಪ್ಯೂಟರ್ ಕೋಣೆಗೆ ಸಂಸ್ಥೆಯವರು ಕೊಡುತ್ತೇವೆ ಎಂದದ್ದು: ಬೆಂಕಿಯನ್ನಷ್ಟೇ ಆರಿಸುವ ಗ್ಯಾಸ್, ಮನುಷ್ಯರು ಒಳಗಿದ್ದರೂ ಉಸಿರಾಡಬಹುದಾದದ್ದು. ಕೊಟ್ಟದ್ದು: ಕಾರ್ಬನ್ ಡೈಆಕ್ಸೈಡ್. ಬೆಂಕಿಯೂ ಆರುತ್ತದೆ, ನಾವೂ ಆರುತ್ತೇವೆ.

ಎಂದದ್ದು: ಗ್ಯಾಸ್ ತಡೆಯುವ ಗುಂಡಿ, ಕೋಣೆಯ ಒಳಗೊಂದು, ಹೊರಗೊಂದು. ಕೊಟ್ಟದ್ದು: ಹೊರಗಿನದು ಮಾತ್ರ. ಅದೂ ಒತ್ತಿ ಹಿಡಿದಿರುವಷ್ಟು ಹೊತ್ತು. ಬೆರಳು ತೆಗೆದರೆ ಮುಗಿಯಿತು.

ಎಂದದ್ದು: ಅಪಾಯದ ಗಂಟೆ ಹೊಡೆದ ಕೂಡಲೇ ತಾನೇ ಬಿಚ್ಚಿಕೊಳ್ಳುವ ಬಾಗಿಲು. ಇಲ್ಲ. ಕಾರ್ಡ್ ತೋರಿಸಿದರೇ ಬಾಗಿಲು, ಬೆಂಕಿ ಇರಲಿ ಬಿಡಲಿ.

ಆಮ್ಲಜನಕ ಅಳೆಯುವ ಮೀಟರ್: “ಮುಂದಿನ ಹಂತದಲ್ಲಿ ನೋಡೋಣ.”

ನನಗೆ ಬೇರೆ ಲಾಗಿನ್, ನನ್ನ ಮೇಲಧಿಕಾರಿ ಸಾಹೇಬರಿಗೆ ಬೇರೆ: “ಯಾಕಮ್ಮಾ, ನನ್ನ ಮೇಲೆ ನಂಬಿಕೆ ಇಲ್ವಾ?” ಹಾಗಾಗಿ ಇಬ್ಬರಿಗೂ ಒಂದೇ ರೂಟ್, ಮಷಿನ್ ಮೇಲೆ ಏನು ಬೇಕಾದರೂ ಮಾಡಬಲ್ಲ ಲಾಗಿನ್, ಒಂದೇ ಪಾಸ್‌ವರ್ಡ್. ಮಷಿನ್ ಕಣ್ಣಿಗೆ ನಾನೂ ಅವರೂ ಒಬ್ಬರೇ. ಸಂಬಳದ ದಿನ ಮಾತ್ರ ಬೇರೆ ಬೇರೆ.

ಬರೆದಾಯಿತು. ಬಸ್ಸಿಗೆ ಹೊತ್ತಾಯಿತು. ನಾದಿನಿ ಆಗಲೇ ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ.

ಸಂಜೆ.

ಕಂಪ್ಯೂಟರುಗಳ ಮೂರನೇ ಸಾಲಿಗೆ ಜೀವ ಬಂತು. ಸಾಲಿನ ಒಂದೊಂದು ಕಂಪ್ಯೂಟರಿಗೂ ತನ್ನದೇ ಆದ ಬುದ್ಧಿ ಇಲ್ಲ, ಕರೆಂಟ್ ಕೊಟ್ಟರೆ ಮುಖ್ಯ ಮಷಿನ್ ಕಡೆ ಕೈ ಚಾಚಿ “ನಾನು ಯಾರು?” ಎಂದು ಕೇಳುತ್ತದೆ. ಅದು ಕೊಟ್ಟ ಲಿನಕ್ಸ್ ಎಂಬ ಮೂಲ ಸಾಫ್ಟ್‌ವೇರನ್ನು ನುಂಗಿ ಎದ್ದು ಕೂರುತ್ತದೆ. ಇಡೀ ಸಾಲು ಹೀಗೆ ಕಣ್ಣು ಬಿಡುವುದನ್ನು ನೋಡಲು ಎಷ್ಟು ಸಲವಾದರೂ ಬೇಸರವಿಲ್ಲ. ಎಲ್ಲ ಸೇರಿದರೆ ಒಂದೇ ದೊಡ್ಡ ತಲೆ. ಗಾಳಿ ಎತ್ತ ಬೀಸುತ್ತದೆ, ಔಷಧಿಯ ಅಣು ಎಲ್ಲಿ ಹೋಗಿ ಕೂರುತ್ತದೆ, ಎಲ್ಲ ಲೆಕ್ಕ ಹಾಕುತ್ತದೆ.

ಅತ್ತೆಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಕೇಳಿಸಿಕೊಂಡು, “ಅಷ್ಟೊಂದು ಕಂಪ್ಯೂಟರ್ ಯಾಕೆ? ಒಂದಕ್ಕೆ ಬುದ್ಧಿ ಸಾಲಲ್ವಾ?” ಎಂದರು. ಸಾಹೇಬರಿಗೂ ಹೀಗೆ ಒಂದು ಪ್ರಶ್ನೆ ಹೊಳೆದಿದ್ದರೆ ಚೆನ್ನಾಗಿತ್ತು. ಅವರಿಗೆ ಗೊತ್ತಿರುವುದು ಒಂದೇ: ಸ್ಕ್ರೀನ್ ಮೇಲೆ ಎಲ್ಲ ಚೌಕಗಳೂ ಹಸಿರಾಗಿರಬೇಕು. ಅದಕ್ಕೇ ನಾವು ಇಟ್ಟ ಹೆಸರು ಹಸಿರಪ್ಪ.

ಜೂನ್ 5, ಬುಧವಾರ. ಮಧ್ಯಾಹ್ನ.

ನಾದಿನಿ ನೆಲದ ಕೆಳಗಿದ್ದಾಳೆ. ಅವಳು ಹೊರಗೆ ಬರುವ ತನಕ ನನಗೆ ಬೇರೆ ಕೆಲಸ ಕೈಗೆ ಹತ್ತುವುದಿಲ್ಲ. ಹಾಗಾಗಿ ಇದು.

ಮಷಿನ್ ಕೋಣೆಯ ನೆಲ ನಿಜವಾದ ನೆಲವಲ್ಲ. ಕಂಬಗಳ ಮೇಲೆ ಕೂರಿಸಿದ ಉಕ್ಕಿನ ಹಲಗೆಗಳು. ಕೆಳಗೆ ಮಂಡಿಯೆತ್ತರದ ಸಂದು. ಅದರೊಳಗೆ ಕೇಬಲ್ಲು, ತಣ್ಣನೆ ಗಾಳಿ, ಕತ್ತಲೆ. ಕೇಬಲ್ ಎಳೆಯುವ ಕಂಟ್ರಾಕ್ಟರ್ ಬಳಿ ಇರುವವರಲ್ಲಿ ಆ ಸಂದಿಯೊಳಗೆ ಹಿಡಿಸುವ ಮೈ ಅವಳದೊಂದೇ. ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗುತ್ತಾಳೆ, ಹಣೆಗೆ ಲೈಟು ಕಟ್ಟಿಕೊಂಡು. “ಅತ್ತಿಗೆ, ಕೆಳಗಡೆ ಒಂದು ಊರೇ ಇದೆ. ಬಾಡಿಗೆಗೆ ಕೊಟ್ರೆ ಇದ್ದುಬಿಡ್ತೀನಿ” ಎನ್ನುತ್ತಾಳೆ. ನನಗೆ ನಗು ಬರುವುದಿಲ್ಲ.

ಸಂಸ್ಥೆ ನಿಯಮ ಮಾಡಿಕೊಡಲಿಲ್ಲ. ನಾವೇ ಮಾಡಿಕೊಂಡೆವು. ಅವಳು ಇಳಿಯುವ ಮೊದಲು ನಾಲ್ಕು ಜನ ನಾಲ್ಕು ಕೆಲಸ ಮಾಡಬೇಕು.

ಎಸಿ ಮೆಕ್ಯಾನಿಕ್ ಆ ಸಾಲಿನ ಎಸಿ ನಿಲ್ಲಿಸುತ್ತಾನೆ. ಇಲ್ಲದಿದ್ದರೆ ಕೆಳಗೆ ಬೀಸುವ ಗಾಳಿಗೆ ಅವಳು ಸೆಟೆದುಹೋಗುತ್ತಾಳೆ. ಅವನನ್ನು ಎಲ್ಲರೂ ತಂಪಣ್ಣ ಎನ್ನುವುದು. ಅವನ ಬಾಯಿ ಮಾತ್ರ ಯಾವಾಗಲೂ ಬಿಸಿ.

ಎಸಿ ನಿಂತ ಸಾಲಿನಲ್ಲಿ ಮಷಿನ್ ದುಡಿದರೆ ಕೆಂಡ. ಹಾಗಾಗಿ ನಾನು ಆ ಸಾಲನ್ನು ಡ್ರೈನ್ ಮಾಡುತ್ತೇನೆ: ಇರುವ ಕೆಲಸ ಮುಗಿಸು, ಹೊಸದು ಹಿಡಿಯಬೇಡ. ಸ್ಕ್ರೀನಿನಲ್ಲಿ ಅದರ ಚೌಕಗಳು ಬೂದಿ ಬಣ್ಣಕ್ಕೆ ತಿರುಗುತ್ತವೆ. ಹಾಗೆ ಕೂರಿಸುವಾಗ ಮಷಿನ್ ಕಾರಣ ಕೇಳುತ್ತದೆ. ಕಾರಣ ಬರೆಯದಿದ್ದರೆ ಒಪ್ಪುವುದೇ ಇಲ್ಲ. ನಾನು ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾತನ್ನೇ ಬರೆಯುತ್ತೇನೆ: ಒಳಗೆ ಜನ ಇದ್ದಾರೆ. ಯಾವ ಸಂಶೋಧಕ ಎಲ್ಲಿಂದ ನೋಡಿದರೂ ಆ ಸಾಲಿನ ಮುಂದೆ ಅದೇ ಕಾಣಬೇಕು.

ಬಾಗಿಲಲ್ಲಿ ಕೂರುವ ಗೇಟಕ್ಕ, ಸೆಕ್ಯೂರಿಟಿ ಅವಳು, ಗ್ಯಾಸ್ ಪೆಟ್ಟಿಗೆಯ ಕೀಲಿ ತಿರುಗಿಸಿ ಆಟೋದಿಂದ ಮ್ಯಾನುಯಲ್‌ಗೆ ತರುತ್ತಾಳೆ. ಆಗ ಹೊಗೆ ಬಂದರೂ ಗ್ಯಾಸ್ ತಾನಾಗಿ ಬಿಡುವುದಿಲ್ಲ. ಹಳದಿ ದೀಪ ಮಿನುಗುತ್ತಿರುತ್ತದೆ. ಕೀಲಿ ಅವಳ ಸೊಂಟದಲ್ಲಿ.

ಕೊನೆಯದು ನಾದಿನಿಯದು. ಎತ್ತಿಟ್ಟ ಹಲಗೆಯ ಪಕ್ಕ ಒಂದು ಚಪ್ಪಲಿ ಬಿಟ್ಟು ಇಳಿಯುತ್ತಾಳೆ. ಚಪ್ಪಲಿ ಇರುವ ತನಕ ಹಲಗೆ ಮುಚ್ಚುವ ಹಾಗಿಲ್ಲ.

ಬಂದಳು. ಕೂದಲೆಲ್ಲ ದೂಳು. ಹಲ್ಲು ಮಾತ್ರ ಬೆಳ್ಳಗೆ.

ಜೂನ್ 8, ಶನಿವಾರ. ಸಂಜೆ.

ಹಸಿರಪ್ಪನ ಹತ್ತಿರ ಮತ್ತೆ ಹೋಗಿದ್ದೆ, ಗ್ಯಾಸಿನ ವಿಷಯಕ್ಕೆ. ಮೂರನೇ ಸಲ. ಬಾಗಿಲ ತನಕ ಹೋಗಿ ಎರಡು ಸಲ ವಾಪಸು ಬಂದೆ. ಹೇಳಿದೆ ಮಾತ್ರ ಗಟ್ಟಿಯಾಗಿ.

“ನೋಡಮ್ಮಾ,” ಎಂದರು, ಕುರ್ಚಿಯನ್ನು ಅತ್ತಿತ್ತ ತಿರುಗಿಸುತ್ತಾ, “ನೀನು ಕಂಪ್ಯೂಟರ್ ನೋಡ್ಕೋ. ಗ್ಯಾಸ್ ನೋಡೋಕೆ ಬೇರೆ ಡಿಪಾರ್ಟ್‌ಮೆಂಟ್ ಇದೆ.”

“ಆ ಡಿಪಾರ್ಟ್‌ಮೆಂಟಿನೋರು ನಿಮ್ಮನ್ನ ಕೇಳು ಅಂದ್ರು ಸಾರ್.”

“ಹಾಗಿದ್ರೆ ನಾನು ಹೇಳ್ತಾ ಇದೀನಲ್ಲ. ಏನೂ ಆಗಲ್ಲ. ಶುಕ್ರವಾರ ಗೆಸ್ಟ್ ಬರ್ತಾರೆ. ಅವತ್ತು ನನಗೆ ಎಲ್ಲ ಸಾಲೂ ಹಸಿರು ಬೇಕು. ಒಂದೇ ಒಂದು ಬೂದಿ ಚೌಕ ಕಾಣಬಾರದು.”

ಏನೂ ಆಗಲ್ಲ! ಈ ಮಾತನ್ನು ಹೇಳುವವರು ಯಾವಾಗಲೂ ಬಾಗಿಲಿನ ಈಚೆಗೆ ಇರುತ್ತಾರೆ. ಆಗುವುದೆಲ್ಲ ಆಚೆಗಿರುವವರಿಗೆ. ನಮ್ಮ ಕಾರ್ಮಿಕ ಸಂಘದ ಮೀಟಿಂಗುಗಳಲ್ಲಿ ಇದನ್ನು ಎಷ್ಟು ಸಲ ಹೇಳಿಲ್ಲ ನಾನು, ಮೈಕ್ ಹಿಡಿದು. ಮೈಕ್ ಮುಂದೆ ಹೆದರಿಕೆ ಆಗುವುದಿಲ್ಲ. ಆ ಕೋಣೆಯ ಮುಂದೆ ಆಗುತ್ತದೆ.

ಹೊರಗೆ ಬಂದು ತಂಪಣ್ಣನಿಗೆ ಹೇಳಿದರೆ, “ಅಕ್ಕಾ, ಆ ಮನುಷ್ಯನ ತಲೆಯೊಳಗೂ ಒಂದು ಎಸಿ ಇದೆ. ಅದರ ಫಿಲ್ಟರ್ ಯಾರೂ ತೊಳೆದಿಲ್ಲ” ಅಂದ.

ಜೂನ್ 11, ಮಂಗಳವಾರ. ಬೆಳಿಗ್ಗೆ.

ಕುಕ್ಕರ್ ಕೂಗಿತು. ಗ್ಯಾಸಿನ ಗಂಟೆ ಇನ್ನೂ ಒಂದು ಸಲವೂ ಹೊಡೆದಿಲ್ಲ. ಆದರೂ ನನ್ನ ಕಿವಿ ಅದನ್ನು ಎಲ್ಲೆಲ್ಲೂ ಕೇಳಿಸಿಕೊಳ್ಳುತ್ತಿದೆ.

ಅತ್ತೆ ಕೇಳಿದರು, “ಯಾಕೆ ಬೆಚ್ಚಿದೆ?” ಏನಿಲ್ಲ ಎಂದೆ. ಅವರಿಗೆ ಹೇಳಿಲ್ಲ ಗ್ಯಾಸಿನ ವಿಷಯ. ಮಗ, ನನ್ನ ಗಂಡ, ಲಾರಿ ಹತ್ತಿ ಹೋದವನು ತಿಂಗಳಿಗೊಮ್ಮೆ ಬರುತ್ತಾನೆ. ಮಗಳು ನೆಲದ ಕೆಳಗೆ. ಎರಡು ಕಡೆ ಜೀವ ಇಟ್ಟುಕೊಂಡು ಕೂತಿರುವ ಹೆಂಗಸು.

ಜೂನ್ 14, ಶುಕ್ರವಾರ. ಸಂಜೆ.

ಬದುಕಿದ್ದಾಳೆ.

ಬರೆಯಲು ಆಗುತ್ತಿಲ್ಲ. ಹೆಬ್ಬೆರಳು ಮಡಚಲು ಬರುತ್ತಿಲ್ಲ. ಪೆನ್ನನ್ನು ಬೇರೆ ಬೆರಳುಗಳ ಸಂದಿಯಲ್ಲಿ ಸಿಕ್ಕಿಸಿಕೊಂಡು…

ಬದುಕಿದ್ದಾಳೆ. ಇಷ್ಟು ಸಾಕು ಇವತ್ತಿಗೆ.

ಜೂನ್ 15, ಶನಿವಾರ. ಬೆಳಿಗ್ಗೆ.

ಬರೆಯುತ್ತೇನೆ. ಬರೆಯದಿದ್ದರೆ ಅವರು ಬರೆಯುತ್ತಾರೆ.

ನಿನ್ನೆ ಊಟಕ್ಕೆ ಮುಂಚೆ ಮೂರನೇ ಸಾಲಿನ ಒಂದು ಕೇಬಲ್ ತುಂಡಾದದ್ದು ಗೊತ್ತಾಯಿತು. ಗೆಸ್ಟ್ ಬರುವುದರೊಳಗೆ ಸರಿಮಾಡಿ ಎಂದು ಹಸಿರಪ್ಪನೇ ಹೇಳಿದ್ದು. ಇದು ಮುಖ್ಯ. ಅವರೇ ಹೇಳಿದ್ದು. ನಾಲ್ಕೂ ಕೆಲಸ ಮಾಡಿದೆವು. ಎಸಿ ನಿಂತಿತು. ಸಾಲು ಡ್ರೈನ್ ಆಯಿತು. ಹಳದಿ ದೀಪ ಬಂತು. ಚಪ್ಪಲಿ ಬಿಟ್ಟು ನಾದಿನಿ ಇಳಿದಳು. ತಂಪಣ್ಣ ಮಹಡಿಯ ಮೇಲಿನ ಎಸಿ ಯಂತ್ರ ನೋಡಲು ಹೋದ.

ಅಷ್ಟರಲ್ಲಿ ಹಸಿರಪ್ಪ ನನ್ನನ್ನು ಕರೆದು, ಮೇಲಿನ ಹಾಲ್‌ನಲ್ಲಿ ಗೆಸ್ಟ್‌ಗಳಿಗೆ ದೊಡ್ಡ ಸ್ಕ್ರೀನ್ ಹಾಕಿ ಬಾ ಎಂದರು. “ಒಳಗೆ ಹುಡುಗಿ ಇದ್ದಾಳೆ ಸಾರ್.” “ಗೊತ್ತಮ್ಮ, ಗೊತ್ತು, ಹೋಗು.” ಹೋದೆ.

ಹಾಲ್‌ನಲ್ಲಿ ಪ್ರೊಜೆಕ್ಟರ್ ಹಚ್ಚಿದೆ. ಗೋಡೆಯ ತುಂಬ ನಮ್ಮ ಮಷಿನಿನ ಚೌಕಗಳು. ಮೂರನೇ ಸಾಲು ಬೂದಿ. ಅದರ ಮುಂದೆ ನಾನು ಬರೆದ ಕಾರಣ. ಗೋಡೆ ಮೇಲೆ ಇಷ್ಟು ದೊಡ್ಡದಾಗಿ ಅದನ್ನು ಯಾವತ್ತೂ ನೋಡಿರಲಿಲ್ಲ. ಒಳಗೆ ಜನ ಇದ್ದಾರೆ.

ನೋಡುತ್ತಿದ್ದ ಹಾಗೇ ಆ ಮಾತು ಅಳಿಸಿಹೋಯಿತು.

ಒಂದು ಚೌಕ ಹಸಿರಾಯಿತು. ಪಕ್ಕದ್ದು. ಅದರ ಪಕ್ಕದ್ದು. ಇಡೀ ಸಾಲು. ಯಾರೋ ರೂಟ್ ಆಗಿ ಎಲ್ಲವನ್ನೂ ಎಬ್ಬಿಸಿದ್ದರು. ಕೂರಿಸುವಾಗ ಮಷಿನ್ ಕಾರಣ ಕೇಳುತ್ತದೆ. ಎಬ್ಬಿಸುವಾಗ ಕೇಳುವುದಿಲ್ಲ. ಇದ್ದ ಕಾರಣವನ್ನೂ ಒರೆಸಿಹಾಕುತ್ತದೆ. ಗೆಸ್ಟ್‌ಗಳಿಗೆ ತೋರಿಸಲು ಸರತಿಯಲ್ಲಿ ಕಾಯುತ್ತಿದ್ದ ಬಹಳ ಭಾರದ ಲೆಕ್ಕವೊಂದು ಆ ಸಾಲಿನ ಮೇಲೆ ಹಾರಿ ಕೂತಿತು. ಎಸಿ ಇಲ್ಲದ ಸಾಲು. ಕೆಳಗೆ ಅವಳು.

ಹೇಗೆ ಓಡಿದೆನೋ. ಮೆಟ್ಟಿಲ ಮೇಲಿದ್ದಾಗಲೇ ಗಂಟೆ ಹೊಡೆಯಿತು. ಕುಕ್ಕರಿನ ಹಾಗಿಲ್ಲ ಅದು. ಅದು ಹೊಟ್ಟೆಯೊಳಗೆ ಹೊಡೆಯುತ್ತದೆ. ಗೆಸ್ಟ್‌ಗಳು ಕೋಣೆಯಿಂದ ಹೊರಬಿದ್ದು ಮೂಗು ಮುಚ್ಚಿಕೊಂಡು ಕಾರಿಡಾರಿನಲ್ಲಿ ಎದುರಿಗೇ ಬಂದರು. ಅವರ ನಡುವೆ ಹಸಿರಪ್ಪ. ನನ್ನನ್ನು ನೋಡಿದರು. ಮುಖ ತಿರುಗಿಸಿ ಕೆಳಗೆ ಇಳಿದರು.

ಕೋಣೆಯ ಬಾಗಿಲು ಮುಚ್ಚಿತ್ತು. ಹೊರಗೆ ಕಸದ ಬುಟ್ಟಿಯ ಪಕ್ಕ ನಾದಿನಿಯ ಒಂದು ಚಪ್ಪಲಿ.

ಆಗ ಎಲ್ಲ ಅರ್ಥವಾಯಿತು. ಗೆಸ್ಟ್‌ಗಳು ಎಡವುತ್ತಾರೆಂದು ಹಲಗೆ ಮುಚ್ಚಿಸಿದ್ದರು. ಚಪ್ಪಲಿ ಚೆನ್ನಾಗಿ ಕಾಣುವುದಿಲ್ಲವೆಂದು ಹೊರಗೆ ಎಸೆದಿದ್ದರು. ಗ್ಯಾಸ್ ಪೆಟ್ಟಿಗೆಯಲ್ಲೂ ಹಳದಿ ಇಲ್ಲ, ಆಟೋ. ಗಂಟೆಗೂ ಗ್ಯಾಸಿಗೂ ನಡುವೆ ಅರ್ಧ ನಿಮಿಷ. ಅದರಲ್ಲಿ ಎಷ್ಟು ಕಳೆದಿತ್ತೋ ಗೊತ್ತಿಲ್ಲ.

ಗುಂಡಿಯ ಮೇಲೆ ಬಿದ್ದೆ. ಒತ್ತಿದೆ. ಗಂಟೆಯ ಧ್ವನಿ ಬದಲಾಯಿತು. ಅರ್ಧ ನಿಮಿಷದ ಎಣಿಕೆ ನಿಂತಿತು. ನಾನೂ ಅಲ್ಲೇ ನಿಂತೆ, ಗೋಡೆಗೆ ಅಂಟಿಕೊಂಡು. ಒಳಗೆ ಹೋಗುವ ಹಾಗಿಲ್ಲ! ಬಾಗಿಲು ನಾಲ್ಕು ಹೆಜ್ಜೆ. ನನ್ನ ಕತ್ತಿನಲ್ಲಿ ಕಾರ್ಡ್. ಹೋದರೆ ಬೆರಳು ಹೋಗುತ್ತದೆ. ಬೆರಳು ಹೋದರೆ ಅವಳು.

“ಗೇಟಕ್ಕಾ! ಕೀಲಿ! ಮ್ಯಾನುಯಲ್‌ಗೆ ತಿರುಗಿಸು!”

“ನನ್ ಹತ್ರ ಇಲ್ಲಮ್ಮಾ!” ಗೇಟಕ್ಕ ಅಳುತ್ತಿದ್ದಳು. “ಸಾಹೇಬ್ರು ಕಿತ್ಕೊಂಡ್ರು. ಹುಡುಗಿ ಒಳಗಿದ್ದಾಳೆ ಅಂದೆ. ಊಟಕ್ಕೆ ಹೋದ್ಳು ಬಿಡು ಅಂದ್ರು. ಕೀಲಿ ಜೇಬಿಗೆ ಹಾಕ್ಕೊಂಡ್ರು!”

“ಓಡು! ಕೆಳಗಿದ್ದಾರೆ! ಅವರ ಜೇಬು ಹರಿದಾದ್ರೂ ತಗೊಂಡು ಬಾ!”

ಓಡಿದಳು. ಓಡುವ ಮೊದಲು ತನ್ನ ಕುರ್ಚಿಯನ್ನು ನನ್ನ ಕಡೆ ಒದ್ದಳು. ಮಹಡಿಯಿಂದ ತಂಪಣ್ಣ ಬಂದ. ಏದುಸಿರು. ಕತ್ತು ಬಗ್ಗಿಸಿದೆ, ಅವನೇ ಕಾರ್ಡ್ ಎಳೆದುಕೊಂಡ. ಬಾಗಿಲು ತೆರೆದು ಕುರ್ಚಿ ಅಡ್ಡ ಇಟ್ಟ. ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು ನನ್ನ ಕೈ ನೋಡಿದ. ಮುಖ ಅಲ್ಲ, ಕೈ.

“ಅಕ್ಕಾ, ಬಿಡಲ್ಲ ತಾನೆ?”

“ಬಿಡಲ್ಲ. ಹೋಗು. ಮೂರನೇ ಸಾಲು, ಹಿಂದುಗಡೆ!”

ಹಲಗೆ ಎತ್ತುವ ರಬ್ಬರ್ ಹಿಡಿ ಹಿಡಿದುಕೊಂಡು ಒಳಗೆ ಹೋದ. ಸುಟ್ಟ ಪ್ಲಾಸ್ಟಿಕ್ ವಾಸನೆ. ಫ್ಯಾನುಗಳ ಆರ್ಭಟ. ಒಂದು ಹಲಗೆ ಕಿತ್ತ ಶಬ್ದ. ಕೂಗಿದ. ಇಲ್ಲ. ಇನ್ನೊಂದು. ಇಲ್ಲ. ನಾನು ಗೋಡೆಗೆ ಹಣೆ ಒತ್ತಿಕೊಂಡಿದ್ದೆ. ಹೆಬ್ಬೆರಳು ಬೆವೆತು ಜಾರುತ್ತಿತ್ತು. ಇನ್ನೊಂದು ಕೈಯ ಹೆಬ್ಬೆರಳನ್ನು ಅದರ ಮೇಲಿಟ್ಟು ಒತ್ತಿದೆ. ಯಾವ ದೇವರನ್ನೂ ಕರೆಯಲಿಲ್ಲ. ಜಾರಬೇಡ ಜಾರಬೇಡ ಎಂದು ಬೆರಳಿಗೇ ಹೇಳಿಕೊಳ್ಳುತ್ತಿದ್ದೆ.

ಆಮೇಲೆ ತಂಪಣ್ಣನ ಧ್ವನಿ: “ಸಿಕ್ಕಿದ್ಳು! ಸಿಕ್ಕಿದ್ಳು ಅಕ್ಕಾ! ಬಿಡಬೇಡಾ!”

ಎಳೆದುಕೊಂಡು ಬಂದ. ಕಾರಿಡಾರಿನಲ್ಲಿ ಮಲಗಿಸಿದ. ಅವಳ ಕೈಗಳ ಗೆಣ್ಣು ಸುಲಿದು ರಕ್ತ. ಕೆಳಗಿನಿಂದ ಹಲಗೆಯನ್ನು ಗುದ್ದಿ ಗುದ್ದಿ. ಅದರ ಮೇಲೆಯೇ ನಿಂತು ಗೆಸ್ಟ್‌ಗಳು ಫೋಟೊ ತೆಗೆಸಿಕೊಂಡಿದ್ದರಂತೆ. ಫ್ಯಾನಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಬಹಳ ಹೊತ್ತು ಕೆಮ್ಮಿದಳು. ಆಮೇಲೆ ಕಣ್ಣು ಬಿಟ್ಟು ಕೇಳಿದಳು, “ಅತ್ತಿಗೆ, ನನ್ ಚಪ್ಪಲಿ ಎಲ್ಲಿ?”

ಗೇಟಕ್ಕ ಕೀಲಿ ತಂದು ತಿರುಗಿಸಿದಳು. ಹಳದಿ ದೀಪ ಬಂತು. “ಬಿಡಿ, ಈಗ ಬಿಡಿ” ಎಂದರು ಎಲ್ಲರೂ. ನನಗೆ ಬಿಡಲು ಬರಲಿಲ್ಲ. ತಂಪಣ್ಣನೇ ಬೆರಳನ್ನು ಬಿಡಿಸಿದ.

ಜೂನ್ 17, ಸೋಮವಾರ. ಮಧ್ಯಾಹ್ನ.

ಅದು ಡ್ರಿಲ್ ಆಗಿತ್ತಂತೆ.

ಗೆಸ್ಟ್‌ಗಳಿಗೆ ಹಾಗೆ ಹೇಳಿದ್ದಾರೆ. “ನಮ್ಮಲ್ಲಿ ಸುರಕ್ಷತೆಗೆ ಎಷ್ಟು ಮಹತ್ವ ಕೊಡ್ತೀವಿ ಅಂತ ತೋರಿಸೋಕೆ ಒಂದು ಡ್ರಿಲ್.” ಗೆಸ್ಟ್‌ಗಳು ಚಪ್ಪಾಳೆ ತಟ್ಟಿದರಂತೆ. ಅವಳು ಕೆಳಗೆ ಗೆಣ್ಣು ಸುಲಿದುಕೊಂಡದ್ದು ಡ್ರಿಲ್. ಥೂ.

ಹಸಿರಪ್ಪ ಕರೆಸಿದ್ದರು. ಎದುರಿಗೆ ಮಷಿನಿನ ದಾಖಲೆ, ಲಾಗ್, ತೆರೆದಿಟ್ಟಿದ್ದರು.

“ಮೂರನೇ ಸಾಲನ್ನ ಎಬ್ಬಿಸಿದ್ದು ಯಾರು ಅಂತಿದೆ ಓದು.”

“ರೂಟ್.”

“ರೂಟ್ ಅಂದ್ರೆ ಯಾರಮ್ಮಾ?”

“ನೀವೂ ರೂಟ್ ಸಾರ್.”

“ನಾನು ಗೆಸ್ಟ್‌ಗಳ ಜೊತೆ ಇದ್ದೆ. ಸಿಸ್ಟಮ್ ಅಡ್ಮಿನ್ ಯಾರು ಅಂತ ಕೇಳಿದ್ರೆ ಇಡೀ ಸಂಸ್ಥೆ ನಿನ್ನನ್ನ ತೋರಿಸುತ್ತೆ.”

ಲಾಗಿನಲ್ಲಿ ಆಜ್ಞೆ ಬಂದ ಜಾಗವನ್ನೂ ನೋಡಿದೆ. ಕೋಣೆಯ ಬಾಗಿಲ ಬಳಿಯ ಮೇಜಿನ ಕಂಪ್ಯೂಟರ್. ಇಬ್ಬರೂ ಬಳಸುವುದು ಅದನ್ನೇ. ಪಾಸ್‌ವರ್ಡ್ ಒಂದೇ, ಮೇಜೂ ಒಂದೇ. ನಾನು ಹಾಲ್‌ನಲ್ಲಿ ಒಬ್ಬಳೇ ಇದ್ದೆ. ನೋಡಿದವರಿಲ್ಲ. ಆ ಮೇಜಿನ ಕೀಲಿಮಣೆಯ ಮೇಲೆ ಅವರ ಬೆರಳನ್ನು ಕಂಡವಳು ಒಬ್ಬಳೇ: ಬಾಗಿಲಲ್ಲಿ ಕೂತಿದ್ದ ಗೇಟಕ್ಕ.

ಆಮೇಲೆ ಸಾಹೇಬರ ಧ್ವನಿ ಮೆತ್ತಗಾಯಿತು. ಮೆತ್ತಗಾದಾಗಲೇ ಹೆಚ್ಚು ಹೆದರಿಕೆ. “ಕೈ ತಪ್ಪಿತು ಅಂತ ಒಂದು ಸಾಲು ಬರೆದುಕೊಡು. ಅಲ್ಲಿಗೆ ಮುಗಿಸೋಣ. ನಿನ್ನ ಕಂಟ್ರಾಕ್ಟ್ ಮುಂದುವರಿಯುತ್ತೆ. ನಿನ್ನ ನಾದಿನೀನ ಮೇಲಿನ ಆಫೀಸಿಗೆ ಹಾಕಿಸ್ತೀನಿ, ಫ್ಯಾನ್ ಕೆಳಗೆ ಕೂತು ಮಾಡೋ ಕೆಲಸ. ಬರೆಯಲ್ಲ ಅಂದ್ರೆ ಮಷಿನ್ ಹಾಳು ಮಾಡಿದ್ಳು ಅಂತ ಪೊಲೀಸರಿಗೆ ಕಂಪ್ಲೇಂಟ್. ಆಮೇಲೆ ನನ್ನ ಕೈಲಿಲ್ಲ.”

ಹೊರಗೆ ಬಂದು ಗೇಟಕ್ಕನ ಹತ್ತಿರ ಹೋದೆ. ಕೇಳುವ ಮೊದಲೇ ಕೈ ಮುಗಿದಳು. “ನನ್ನ ಎಳೀಬೇಡಮ್ಮಾ. ಮೂರು ಮಕ್ಕಳು. ಈ ಯೂನಿಫಾರ್ಮ್ ಹೋದ್ರೆ ನಾನು ಬೀದಿಗೆ.”

ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳ ಮುಖದಲ್ಲಿದ್ದದ್ದು ನನ್ನದೇ ಹೆದರಿಕೆ.

ಜೂನ್ 19, ಬುಧವಾರ. ಸಂಜೆ.

ನಾದಿನಿ ಬಚ್ಚಲ ಬಾಗಿಲು ಹಾಕಿಕೊಳ್ಳುವುದಿಲ್ಲ. ಹಾಕಿಕೊಂಡರೆ ಉಸಿರು ಕಟ್ಟುತ್ತದಂತೆ. ಅತ್ತೆ ಹೊರಗೆ ಮಣೆ ಹಾಕಿಕೊಂಡು ಕೂರುತ್ತಾರೆ, ಒಂದೇ ಸಮನೆ ಮಾತಾಡುತ್ತಾ. ಮಾತು ನಿಂತರೆ ಒಳಗಿನಿಂದ “ಅಮ್ಮಾ?” ಎಂದು ಕೂಗುತ್ತಾಳೆ. ಇವತ್ತು ಅತ್ತೆಗೆ ಮಾತು ಮುಗಿದುಹೋಗಿ ಸತ್ತುಹೋದ ನೆಂಟರನ್ನೆಲ್ಲ ಒಬ್ಬೊಬ್ಬರಾಗಿ ಬೈದರು. ಒಳಗಿನಿಂದ ನಗು ಕೇಳಿಸಿತು. ಐದು ದಿನದಲ್ಲಿ ಮೊದಲ ಸಲ.

ಆ ನಗು ಕೇಳಿಸಿಕೊಂಡೇ ನಾನು ಇಲ್ಲಿ ಕೂತು ಆ ಒಂದು ಸಾಲನ್ನು ಬರೆಯುತ್ತಿದ್ದೆ. ನನ್ನ ಕೈ ತಪ್ಪಿತು. ಬರೆದೆ. ಹರಿದೆ. ಮತ್ತೆ ಬರೆದೆ. ಮೇಲಿನ ಆಫೀಸು, ಫ್ಯಾನ್ ಕೆಳಗೆ ಕೆಲಸ. ಅವಳು ಮತ್ತೆ ಆ ಸಂದಿಗೆ ಇಳಿಯಬೇಕಾಗಿಲ್ಲ. ಒಂದು ಸಾಲಿಗೆ ಇಷ್ಟು ಸಿಗುತ್ತದೆಂದರೆ ಯಾರು ತಾನೇ…

ಒದ್ದೆ ಕೂದಲಲ್ಲಿ ಹಿಂದೆ ಬಂದು ನಿಂತಿದ್ದಾಳೆ. ಓದಿದಳು.

“ಬರಿ ಅತ್ತಿಗೆ,” ಎಂದಳು. “ಹಂಗೇ ಕೆಳಗೆ ಇನ್ನೊಂದು ಸಾಲು ಬರಿ. ಇನ್ಮೇಲೆ ನನ್ ಬದಲು ಇಳಿಯೋಳು ಯಾರ ಮನೆ ಮಗಳು, ಆ ಹಲಗೆ ಎತ್ತೋರು ಯಾರು ಅಂತ. ಅದನ್ನೂ ಬರಿ.”

“ನಿನಗೆ ಗೊತ್ತಿಲ್ಲ ಕಣೆ. ಜೈಲಿಗೆ ಹಾಕಿಸ್ತಾರಂತೆ.”

“ಗೊತ್ತು. ಮುಚ್ಚಿದ ಜಾಗದಲ್ಲಿ ಹೆಂಗಿರುತ್ತೆ ಅಂತ ನನಗೆ ಗೊತ್ತಿಲ್ವಾ?”

ಬಚ್ಚಲ ಮುಂದಿನಿಂದ ಅತ್ತೆ: “ಏನದು ಗುಸುಗುಸು? ನಾನಿಲ್ಲಿ ಯಾರಿಗೆ ಬೈತಾ ಕೂತಿದೀನಿ ಹಾಗಾದ್ರೆ?”

ಹರಿದೆ. ಈ ಸಲ ಚೂರು ಚೂರು. ಹೆದರಿಕೆ ಚೂರಾಗಲಿಲ್ಲ.

ಜೂನ್ 20, ಗುರುವಾರ. ಮಧ್ಯಾಹ್ನ.

ಕಾರಿಡಾರಿನಲ್ಲಿ ಎಲ್ಲರೂ ಕೂತೆವು. ತಂಪಣ್ಣ, ಕಸ ಗುಡಿಸುವ ಹೆಂಗಸರು, ಕೇಬಲ್ ಹುಡುಗಿಯರು, ನಾನು. ಗೇಟಕ್ಕ ತನ್ನ ಕುರ್ಚಿಯಲ್ಲೇ, ಬೆನ್ನು ಮಾಡಿ.

ನಾನು ಹೇಳಿದ್ದು ಇಷ್ಟೇ. ಗ್ಯಾಸ್ ಬದಲಾಗಬೇಕು. ಒಳಗೊಂದು ಗುಂಡಿ ಬೇಕು. ಬಾಗಿಲು ತಾನೇ ತೆರೆಯಬೇಕು. ಆಗುವವರೆಗೆ ಯಾರೂ ಒಳಗೆ ಹೋಗುವುದಿಲ್ಲ. ಮಷಿನ್‌ಗೆ ಕೈ ಹಾಕುವುದೂ ಬೇಡ, ಕೆಡಿಸುವುದೂ ಬೇಡ, ನಿಲ್ಲಿಸುವುದೂ ಬೇಡ. ಸುಮ್ಮನೆ ಒಳಗೆ ಹೋಗಬೇಡಿ, ಅಷ್ಟೆ.

“ಅದರಿಂದ ಏನಾಗುತ್ತೆ? ಅದು ತಾನಾಗಿ ಓಡ್ತಾ ಇರುತ್ತಲ್ಲ?” ಗುಡಿಸುವ ಅಕ್ಕ ಒಬ್ಬರು ಕೇಳಿದರು.

“ಓಡಲ್ಲ,” ತಂಪಣ್ಣ ಹೇಳಿದ. “ದಿನಾ ಒಂದು ಫ್ಯಾನ್ ಸಾಯುತ್ತೆ, ಒಂದು ಫಿಲ್ಟರ್ ಕಟ್ಟಿಕೊಳ್ಳುತ್ತೆ, ಒಂದು ಡಿಸ್ಕ್ ಹೋಗುತ್ತೆ. ದಿನಾ ನಾವು ಹೋಗಿ ಮೂಗು ಒರೆಸಿ ಬರ್ತೀವಿ. ಅದಕ್ಕೇ ಅದು ಸೂಪರ್ ಕಂಪ್ಯೂಟರ್. ನಾವು ಹೋಗದಿದ್ರೆ ಬರೀ ಕಬ್ಬಿಣ.”

ನಕ್ಕರು. ಕೈ ಎತ್ತಿದರು. ನಾನೂ ಎತ್ತಿದೆ. ಕೈ ನಡುಗುವುದು ಕಾಣಬಾರದೆಂದು ಮುಷ್ಟಿ ಬಿಗಿದೆ. ಘೋಷಣೆ ಅಂದುಕೊಂಡರು.

ಜೂನ್ 24, ಸೋಮವಾರ. ಬೆಳಿಗ್ಗೆ.

ಹೊರಗಿನ ಮೇಜಿನಿಂದ ನೋಡುತ್ತಿದ್ದೇನೆ. ಚೌಕಗಳು ಒಂದೊಂದಾಗಿ ಕೆಂಪಗಾಗುತ್ತಿವೆ. ಯಾರೂ ಮುಟ್ಟಿಲ್ಲ. ನಾನು ಕೂರಿಸಿ ಎಬ್ಬಿಸಿದ ಮಷಿನ್‌ಗಳು. ಯಾವುದರ ಫ್ಯಾನ್ ಯಾವಾಗಿನಿಂದ ಕಿರುಗುಟ್ಟುತ್ತಿತ್ತು ಎಂದು ಗೊತ್ತು. ಆದರೂ ಹೋಗುವುದಿಲ್ಲ.

ಮಧ್ಯಾಹ್ನ.

ಏಜೆನ್ಸಿಯಿಂದ ಹೊಸಬರು ಇಬ್ಬರನ್ನು ತಂದರು. ನಮ್ಮ ಜಾಗಕ್ಕೆ. ಅವರಿಗೆ ಆ ಗ್ಯಾಸ್ ಏನೆಂದು ಯಾರು ಹೇಳಿರುತ್ತಾರೆ? ಹಸಿರಪ್ಪ ಪಕ್ಕದಲ್ಲೇ ನಿಂತು, “ಹೋಗಿ, ಹೋಗಿ, ಬರೀ ಫ್ಯಾನ್ ಬದಲಾಯಿಸಿ ಬನ್ನಿ” ಎನ್ನುತ್ತಿದ್ದರು.

ನಾನು ಬಾಯಿ ತೆರೆಯುವ ಮೊದಲು ಗೇಟಕ್ಕ ಎದ್ದಳು. ಬಾಗಿಲಿಗೆ ಅಡ್ಡ ಅಲ್ಲ. ಪಕ್ಕಕ್ಕೇ ನಿಂತಳು. “ಹೋಗಿ ಅಣ್ಣಾ, ನಾನು ತಡೆಯಲ್ಲ. ಗಂಟೆ ಹೊಡೆದ್ರೆ ಅರ್ಧ ನಿಮಿಷ. ಆಮೇಲೆ ಉಸಿರಾಡೋಕೆ ಏನೂ ಇರಲ್ಲ. ಒಳಗೆ ಗುಂಡಿ ಇಲ್ಲ. ಇಷ್ಟು ಹೇಳಿ ಕಳಿಸಬೇಕು ಅಂತ ಹೇಳ್ತಾ ಇದೀನಿ. ಹತ್ತು ದಿನದ ಹಿಂದೆ ಹೇಳಿದ್ದೆ. ಕೀಲಿ ಕಿತ್ಕೊಂಡು ಹೋದ್ರು.”

ಹಸಿರಪ್ಪನ ಮುಖ ಕಪ್ಪಿಟ್ಟಿತು.

ಹೊಸಬರಲ್ಲಿ ದೊಡ್ಡವನು ಬ್ಯಾಗ್ ಇಳಿಸಿದ. “ಸಾರ್, ನೀವು ಮುಂದೆ ಹೋಗಿ. ನಾವು ಹಿಂದೆ ಬರ್ತೀವಿ.”

ಸಾಹೇಬರು ಹೋಗಲಿಲ್ಲ. ಅವರಿಬ್ಬರೂ ನಮ್ಮ ಜೊತೆ ಕೂತರು. ಒಬ್ಬ ಕೇಳಿದ, “ಇಲ್ಲಿ ಟೀ ಎಲ್ಲಿ ಸಿಗುತ್ತೆ?”

ಜೂನ್ 25, ಮಂಗಳವಾರ. ಬೆಳಿಗ್ಗೆ.

ಸಂಸ್ಥೆಯ ನಿರ್ದೇಶಕರ ಕೋಣೆಯಿಂದ ಕರೆ. ಗುರುವಾರ ಮಾತಾಡುತ್ತಾರಂತೆ. ನನ್ನೊಬ್ಬಳನ್ನೇ ಬರಹೇಳಿದ್ದಾರೆ. “ಒಬ್ಬರೇ ಬನ್ನಿ, ಶಾಂತವಾಗಿ ಮಾತಾಡೋಣ.” ಪೊಲೀಸ್ ಕಂಪ್ಲೇಂಟ್ ಟೈಪ್ ಆಗಿ ಮೇಜಿನ ಮೇಲಿದೆ ಎಂದು ಅವರ ಗುಮಾಸ್ತನೇ ತಂಪಣ್ಣನಿಗೆ ಹೇಳಿದನಂತೆ. ಅದರಲ್ಲಿ ನನ್ನ ಹೆಸರು. ರೂಟ್ ಅಲ್ಲ, ನನ್ನ ಹೆಸರು.

ಗೇಟಕ್ಕ ಇವತ್ತು ಬಂದಿಲ್ಲ. ಕುರ್ಚಿಯಲ್ಲಿ ಬೇರೆ ಯಾರೋ. ತೆಗೆದುಹಾಕಿದ್ದಾರೆ. ನಿನ್ನೆ ಸಂಜೆಯೇ. ಫೋನ್ ಸ್ವಿಚ್ ಆಫ್. ಅವಳು ಬಾಯಿ ಬಿಡದಿದ್ದರೆ ಗುರುವಾರ ನನ್ನ ಮಾತಿಗೆ ಪುರಾವೆ ಇಲ್ಲ. ಬಾಯಿ ಬಿಡು ಎನ್ನಲು ನನಗೆ ಮುಖವಿಲ್ಲ. ಯೂನಿಫಾರ್ಮ್ ಹೋಯಿತು. ಮೂರು ಮಕ್ಕಳು.

ಸಂಜೆ.

ಮನೆಗೆ ಬಂದೆ. ತಂಪಣ್ಣ, ಗುಡಿಸುವವರು, ಹೊಸಬರಿಬ್ಬರು, ಎಲ್ಲರೂ ಗುರುವಾರ ಜೊತೆಗೆ ಬರುತ್ತೇವೆ ಎಂದಿದ್ದಾರೆ. ನಾದಿನಿ, “ನನ್ನ ಗೆಣ್ಣು ತೋರಿಸ್ತೀನಿ. ಇದು ಯಾವ ಡ್ರಿಲ್ಲು ಅಂತ ಕೇಳ್ತೀನಿ” ಎನ್ನುತ್ತಾಳೆ. ಒಳ್ಳೆಯ ಮಾತು. ಆದರೆ ಇವರಲ್ಲಿ ಯಾರೂ ಆ ಮೇಜಿನಲ್ಲಿ ಹಸಿರಪ್ಪನ ಬೆರಳನ್ನು ನೋಡಿಲ್ಲ. ಅನ್ನ ಇಳಿಯಲಿಲ್ಲ.

ಫೋನ್ ಹೊಡೆಯಿತು ಈಗ. ಹೊಸ ನಂಬರ್. ಪೊಲೀಸರು ಅಂದುಕೊಂಡೆ. ಎತ್ತಲು ಧೈರ್ಯ ಬರಲಿಲ್ಲ. ನಾದಿನಿ ಎತ್ತಿ ನನ್ನ ಕಿವಿಗೆ ಹಿಡಿದಳು.

ಆ ಕಡೆ ಮಕ್ಕಳ ಗಲಾಟೆ. ಯಾರೋ ಗದರಿದರು. ಆಮೇಲೆ ಗೇಟಕ್ಕನ ಧ್ವನಿ. ಹೇಗಿದ್ದೀಯ, ಏನು, ಒಂದೂ ಇಲ್ಲ.

“ನಿರ್ದೇಶಕರು ಕರೆದಿದ್ದಾರಂತೆ, ತಂಪಣ್ಣ ಹೇಳಿದ. ಯಾವತ್ತು ಅಮ್ಮಾ? ಎಷ್ಟು ಹೊತ್ತಿಗೆ?”

ಗುರುವಾರ, ಎಂದೆ. ನಾಡಿದ್ದು. ಬೆಳಿಗ್ಗೆ ಹನ್ನೊಂದು ಗಂಟೆಗೆ, ನಿರ್ದೇಶಕರ ಕೋಣೆಯ ಮುಂದೆ.